ಕಕ್ಕುವ ಕೂಸು, ಕಂಗೆಡುವ ಮನೆ

ಹೊರನಾಡ ಕನ್ನಡಿಗರ ಮನೆಯೊಂದರಲ್ಲಿ ಕೂಸು ಹುಟ್ಟಿತೆಂದರೆ ಅದು ಸಂಘದ ಬಳಗಕ್ಕೆಲ್ಲ ಸಂತೋಷದ ಸುದ್ದಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದ ಹೆಣ್ಣುಮಗಳು ಬಾಣಂತನ ಮುಗಿಸಿಕೊಂಡು, ಮೂರನೆಯ ತಿಂಗಳಲ್ಲೋ ಐದನೆಯ ತಿಂಗಳಲ್ಲೋ ಕೂಸಿನೊಡನೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಅಥವಾ ದೆಹಲಿಯ ತನ್ನ ಮನೆಗೆ ಮರಳುವ ಪದ್ಧತಿ ಅನೇಕ ಕುಟುಂಬಗಳಲ್ಲಿ ಇಂದಿಗೂ ಉಳಿದಿದೆ. ಹೀಗೆ ಮರಳಿದ ಕೆಲವೇ ದಿನಗಳಲ್ಲಿ ಒಂದು ದೂರು ಕೇಳಿಬರುತ್ತದೆ: ಊರಿನಲ್ಲಿ ಚೆನ್ನಾಗಿದ್ದ ಮಗು ಇಲ್ಲಿಗೆ ಬಂದ ಮೇಲೆ ಕುಡಿದ ಹಾಲನ್ನೆಲ್ಲ ಕಕ್ಕುತ್ತಿದೆ. ಒಬ್ಬರು ನಗರದ ನೀರನ್ನು ದೂರುತ್ತಾರೆ, ಮತ್ತೊಬ್ಬರು ಹವೆಯನ್ನು. ಕೆಲವರು ದೃಷ್ಟಿ ತಾಗಿತೆನ್ನುತ್ತಾರೆ. ಕೊನೆಗೆ ತಪ್ಪೆಲ್ಲ ತಾಯಿಯ ಊಟದ ಮೇಲೆಯೋ ಅವಳ ಹಾಲಿನ ಮೇಲೆಯೋ ಬಂದು ನಿಲ್ಲುತ್ತದೆ.

ವಾಸ್ತವವಾಗಿ ಇದರಲ್ಲಿ ನಗರದ ತಪ್ಪೂ ಇಲ್ಲ, ತಾಯಿಯ ತಪ್ಪೂ ಇಲ್ಲ. ಮೂರು ತಿಂಗಳೊಳಗಿನ ಕೂಸುಗಳಲ್ಲಿ ಸುಮಾರು ಅರ್ಧದಷ್ಟು ದಿನಕ್ಕೆ ಒಮ್ಮೆಯಾದರೂ ಹಾಲು ಕಕ್ಕುತ್ತವೆ. ನಾಲ್ಕನೆಯ ತಿಂಗಳ ಸುಮಾರಿಗೆ ಇದು ಅತಿ ಹೆಚ್ಚಿನ ಮಟ್ಟವನ್ನು ಮುಟ್ಟಿ, ಆರನೆಯ ತಿಂಗಳಿನಿಂದಾಚೆಗೆ ಇಳಿಯುತ್ತ ಹೋಗುತ್ತದೆ. ವರ್ಷ ತುಂಬುವ ವೇಳೆಗೆ 100 ಮಕ್ಕಳಲ್ಲಿ 5ರಿಂದ 10 ಮಕ್ಕಳು ಮಾತ್ರ ಕಕ್ಕುತ್ತಿರುತ್ತವೆ. ತವರಿನಿಂದ ನಗರಕ್ಕೆ ಬರುವ ಕಾಲವೂ ಕಕ್ಕುವಿಕೆ ಹೆಚ್ಚುವ ಕಾಲವೂ ಒಂದೇ ಆಗಿರುವುದರಿಂದ, ಪ್ರಯಾಣದ ಮೇಲೆ ಸಲ್ಲದ ಆರೋಪ ಬರುತ್ತದೆ. ಆದರೆ ಪ್ರಯಾಣದಿಂದ ಒಂದು ವ್ಯತ್ಯಾಸ ಆಗುವುದು ನಿಜ. ಊರಿನಲ್ಲಿ ಕೂಸನ್ನು ಭುಜಕ್ಕೆ ಹಾಕಿಕೊಳ್ಳಲು ಅಜ್ಜಿ, ದೊಡ್ಡಮ್ಮ, ಸೋದರತ್ತೆ ಎಂದು ನಾಲ್ಕಾರು ಕೈಗಳಿದ್ದವು; ಇಲ್ಲಿ ಇರುವುದು ಎರಡೇ ಕೈ. ಕಕ್ಕುವ ಕೂಸಿಗೆ ಬಹುಪಾಲು ಬೇಕಾಗಿರುವುದು ಬಲ್ಲವರ ಕೈಯೇ ಹೊರತು ಔಷಧದ ಶೀಸೆಯಲ್ಲ. ಆ ಕೈ ಸಿಗದ ಮನೆಗಳಲ್ಲಿ ಶೀಸೆಗಳು ಹೆಚ್ಚುತ್ತಿರುವುದು ವಿಚಾರ ಮಾಡಬೇಕಾದ ಸಂಗತಿ.

ಹಾಲು ಏಕೆ ಹಿಂದಿರುಗುತ್ತದೆ?

ಅನ್ನನಾಳವು ಜಠರವನ್ನು ಸೇರುವಲ್ಲಿ ಬಳೆಯ ಆಕಾರದ ಒಂದು ಸ್ನಾಯುವಿದೆ. ಆಹಾರ ಕೆಳಗಿಳಿಯುವಾಗ ತೆರೆದುಕೊಂಡು, ಆಮೇಲೆ ಮುಚ್ಚಿಕೊಳ್ಳುವುದು ಅದರ ಕೆಲಸ. ಎಳೆಯ ಕೂಸಿನಲ್ಲಿ ಅದು ಆಗಾಗ ತಾನಾಗಿಯೇ ಸಡಿಲಗೊಳ್ಳುತ್ತದೆ. ಕೂಸಿನ ಜಠರ ಚಿಕ್ಕದು, ಆಹಾರವೆಲ್ಲ ದ್ರವ, ದಿನದ ಹೆಚ್ಚಿನ ಹೊತ್ತು ಮಲಗಿಯೇ ಇರುವುದು. ಜೊತೆಗೆ ಕುಡಿಯುವಾಗ ಗಾಳಿಯನ್ನೂ ನುಂಗಿರುತ್ತದೆ. ಹೀಗಿರುವಾಗ ಹಾಲು ಮೇಲಕ್ಕೆ ಬರುವುದರಲ್ಲಿ ಆಶ್ಚರ್ಯವೇನಿಲ್ಲ. ವೈದ್ಯರು ರಿಫ್ಲಕ್ಸ್ ಎಂದು ಕರೆಯುವುದು ಇದನ್ನೇ. ಕೂಸು ಕೂರಲು ಕಲಿತು, ಗಟ್ಟಿ ಆಹಾರ ತಿನ್ನತೊಡಗಿದಂತೆ ಇದು ತಾನಾಗಿ ಕಡಿಮೆಯಾಗುತ್ತದೆ. ಕಕ್ಕಿದ ಹಾಲು ಮೊಸರಿನಂತೆ ಒಡೆದಿರುವುದನ್ನು ಕಂಡು ಅನೇಕರು ಗಾಬರಿಗೊಳ್ಳುತ್ತಾರೆ. ಜಠರದ ಆಮ್ಲ ತಗುಲಿದ ಹಾಲು ಒಡೆಯಲೇಬೇಕು. ತಾಯಿಯ ಹಾಲು ಕೆಟ್ಟಿದೆಯೆಂದು ಇದರ ಅರ್ಥವಲ್ಲ.

ಕಕ್ಕುವ ಕೂಸಿನ ಯೋಗಕ್ಷೇಮವನ್ನು ಅಳೆಯಲು ಮನೆಯಲ್ಲಿಯೇ ಎರಡು ಮಾನದಂಡಗಳಿವೆ. ಮೊದಲನೆಯದು ತೂಕ. ಮೊದಲ ಮೂರು ತಿಂಗಳಲ್ಲಿ ಕೂಸು ದಿನಕ್ಕೆ ಸರಾಸರಿ 25ರಿಂದ 30 ಗ್ರಾಂ ಏರಬೇಕು. ಎರಡನೆಯದು ಒದ್ದೆ ಬಟ್ಟೆಗಳ ಲೆಕ್ಕ. ದಿನಕ್ಕೆ ಆರು ಬಾರಿಗೆ ಕಡಿಮೆಯಿಲ್ಲದಂತೆ ಮೂತ್ರ ಮಾಡುತ್ತಿದ್ದರೆ ಸಾಕಷ್ಟು ಹಾಲು ಒಳಗೆ ಉಳಿಯುತ್ತಿದೆ ಎಂದು ತಿಳಿಯಬಹುದು. ಇವೆರಡೂ ಸರಿಯಾಗಿದ್ದು, ಕೂಸು ಕಕ್ಕಿದ ಮರುಕ್ಷಣವೇ ಕೈಕಾಲು ಆಡಿಸಿ ನಗುತ್ತಿದ್ದರೆ, ಅಲ್ಲಿ ಒಗೆಯುವ ಬಟ್ಟೆಯ ರಾಶಿಯ ಹೊರತು ಬೇರೆ ತೊಂದರೆಯಿಲ್ಲ.

ಶೀಸೆಗಳ ಚರಿತ್ರೆ

ಆದರೂ ಶೀಸೆ ಬರುತ್ತದೆ. ಮೊದಲು ಬರುವುದು ಗ್ರೈಪ್ ವಾಟರ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ 1851ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧಗಾರನು ಇದನ್ನು ತಯಾರಿಸಿದನು. ಸಬ್ಬಸಿಗೆಯ ಎಣ್ಣೆ, ಸೋಡಾ, ಸಕ್ಕರೆಗಳೊಡನೆ ಮದ್ಯಸಾರವೂ ಅದರಲ್ಲಿತ್ತು. ಬ್ರಿಟನ್ನಿನಲ್ಲಿ 1992ರ ಹೊತ್ತಿಗೆ ಮದ್ಯಸಾರವನ್ನು ಕೈಬಿಡಲಾಯಿತು. ತಲೆಮಾರುಗಳ ಕಾಲ ಕೂಸುಗಳು ಇದನ್ನು ಕುಡಿದು ಸುಮ್ಮನಾದುದಕ್ಕೆ ಕಾರಣವೇನಿದ್ದಿರಬಹುದೆಂದು ಓದುಗರೇ ಊಹಿಸಿಕೊಳ್ಳಬಹುದು. ಮದ್ಯಸಾರವಿಲ್ಲದ ಗ್ರೈಪ್ ವಾಟರ್ ಕೂಡ ಕಕ್ಕುವುದನ್ನು ನಿಲ್ಲಿಸುತ್ತದೆಂಬುದಕ್ಕೆ ಆಧಾರವಿಲ್ಲ.

ವೈದ್ಯರ ಚೀಟಿಯ ಔಷಧಗಳ ಕಥೆ ಇನ್ನೂ ಪಾಠ ಕಲಿಸುವಂಥದು. 1990ರ ದಶಕದಲ್ಲಿ ಸಿಸಾಪ್ರೈಡ್ ಎಂಬ ಔಷಧವನ್ನು ಕಕ್ಕುವ ಕೂಸುಗಳಿಗೆ ಧಾರಾಳವಾಗಿ ಕೊಡಲಾಗುತ್ತಿತ್ತು. ಅದು ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದೆಂದು ತಿಳಿದುಬಂದು, 2000ದಲ್ಲಿ ಅಮೆರಿಕದ ಪೇಟೆಯಿಂದ ಹಿಂದೆ ಸರಿಯಿತು; ಭಾರತದಲ್ಲಿ 2011ರಲ್ಲಿ ನಿಷೇಧಗೊಂಡಿತು. ಡೊಂಪೆರಿಡೋನ್‌ನಿಂದ ಚಿಕ್ಕ ಮಕ್ಕಳ ವಾಂತಿಗೆ ಪ್ರಯೋಜನ ಕಂಡುಬರಲಿಲ್ಲವೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ 12 ವರ್ಷದೊಳಗಿನವರಿಗೆ ಅದರ ಪರವಾನಗಿಯನ್ನು ತೆಗೆದುಹಾಕಿತು. ಆಮ್ಲ ತಗ್ಗಿಸುವ ರಾನಿಟಿಡಿನ್‌ನಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಷ ಕಂಡುಬಂದುದರಿಂದ, 2020ರ ಏಪ್ರಿಲ್‌ನಲ್ಲಿ ಅಮೆರಿಕದ ಆಡಳಿತವು ಅದನ್ನು ಪೇಟೆಯಿಂದ ಹಿಂತೆಗೆಯುವಂತೆ ಸೂಚಿಸಿತು. ಜಠರದ ಆಮ್ಲವು ರೋಗಾಣುಗಳ ವಿರುದ್ಧ ಕಾವಲು ಕೂಡ ಆಗಿದೆ. ಅದನ್ನು ಕಾರಣವಿಲ್ಲದೆ ಅಡಗಿಸಿದರೆ ಕರುಳಿನ ಮತ್ತು ಶ್ವಾಸಕೋಶದ ಸೋಂಕುಗಳ ಸಂಭವ ಹೆಚ್ಚುತ್ತದೆ. ಆದುದರಿಂದಲೇ ಯೂರೋಪು ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು, ಆರೋಗ್ಯವಾಗಿ ಬೆಳೆಯುತ್ತಿರುವ ಕೂಸು ಕಕ್ಕುತ್ತದೆ ಅಥವಾ ಅಳುತ್ತದೆ ಎಂಬ ಒಂದೇ ಕಾರಣಕ್ಕೆ ಆಮ್ಲ ತಗ್ಗಿಸುವ ಔಷಧ ಕೊಡಬಾರದೆನ್ನುತ್ತದೆ.

ಇಷ್ಟಾದರೂ ಈ ಔಷಧಗಳು ಚೀಟಿಯಲ್ಲಿ ಕಾಣಿಸಿಕೊಳ್ಳಲು ವೈದ್ಯರೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ರಾತ್ರಿಯೆಲ್ಲ ನಿದ್ರೆಗೆಟ್ಟ ತಂದೆತಾಯಿಗಳು ಬರಿಯ ಸಮಾಧಾನದ ಮಾತು ಕೇಳಿ, ಬರಿಗೈಯಲ್ಲಿ ಮನೆಗೆ ಹೋಗಲು ಒಪ್ಪುವುದಿಲ್ಲ. ಏನೂ ಬರೆಯದ ವೈದ್ಯರನ್ನು ಬಿಟ್ಟು, ಬರೆಯುವ ವೈದ್ಯರನ್ನು ಹುಡುಕಿಕೊಂಡು ಹೋಗುವವರೂ ಇದ್ದಾರೆ.

ಎಲ್ಲಕ್ಕಿಂತ ದೊಡ್ಡ ನಷ್ಟವಾಗುವುದು, ತಾಯಿಯ ಹಾಲು ಒಗ್ಗುತ್ತಿಲ್ಲವೆಂದು ತೀರ್ಮಾನಿಸಿ ಡಬ್ಬಿಯ ಹಾಲಿಗೆ ಹೋದಾಗ. ಬಾಟಲಿಯಲ್ಲಿ ಕುಡಿಯುವ ಕೂಸು ಹೆಚ್ಚು ಗಾಳಿ ನುಂಗುವ ಸಂಭವವೂ, ಅಳತೆ ಮೀರಿ ಕುಡಿಯುವ ಸಂಭವವೂ ಉಂಟು. ಹೀಗೆ ಕಕ್ಕುವುದು ಇನ್ನೂ ಹೆಚ್ಚಿ, ಅದಕ್ಕೆ ಮತ್ತೊಂದು ಬಗೆಯ ಡಬ್ಬಿ ಬರುತ್ತದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಈ ವ್ಯಾಪಾರಕ್ಕೆ ಕಡಿವಾಣ ಹಾಕಲೆಂದೇ ಭಾರತ ಸರಕಾರ 1992ರಲ್ಲಿ ಕಾಯಿದೆ ಮಾಡಿ, ಶಿಶುಗಳ ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತನ್ನು ನಿಷೇಧಿಸಿತು. 2003ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿತು.

ಅಜ್ಜಿಯ ಪೆಟ್ಟಿಗೆಯಲ್ಲಿ ಆರಿಸಬೇಕಾದುದು

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಹಿರಿಯರ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದುದೂ ಇದೆ, ಬಿಡಬೇಕಾದುದೂ ಇದೆ.

ಬಿಡಬೇಕಾದವುಗಳಲ್ಲಿ ಮೊದಲನೆಯದು ಬಜೆ, ಜಾಯಿಕಾಯಿ ಮೊದಲಾದವನ್ನು ತೇಯ್ದು ನೆಕ್ಕಿಸುವುದು. ಮುಂಬಯಿ ಪುಣೆಗಳಲ್ಲಿ ನೆರೆಯ ಮರಾಠಿ ಮನೆಗಳ ಬಾಳಗುಟಿಯೂ ಇದೇ ಜಾತಿಯದು. ಬಜೆ ತಾನೇ ವಾಂತಿ ಬರಿಸಬಲ್ಲ ಬೇರು. ಜಾಯಿಕಾಯಿ ಹೆಚ್ಚಾದರೆ ಮಂಪರು ಕವಿಯುತ್ತದೆ. ವರ್ಷದೊಳಗಿನ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ರೋಗಾಣುವಿನ ಬೀಜಗಳು ಕೂಸಿನ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ನಿಶ್ಚೇತನಗೊಳಿಸುವ ವಿಷವನ್ನು ಹುಟ್ಟಿಸಬಲ್ಲವು. ಹೊಟ್ಟೆಯಲ್ಲಿ ನಿಲ್ಲಲೆಂದು ಮೂರನೆಯ ತಿಂಗಳಿಗೇ ರಾಗಿ ಸರಿ ತಿನ್ನಿಸುವುದೂ ಸಲ್ಲದು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೇ ಪೂರ್ಣಾಹಾರ; ರಾಗಿಯ ಸರದಿ ಅದರ ಮೇಲೆ. ಬಾಣಂತಿಯನ್ನು ಬರಿಯ ಸಾರು ಅನ್ನದ ಪಥ್ಯದಲ್ಲಿ ಕೂರಿಸುವುದರಿಂದ ಕೂಸು ಕಕ್ಕುವುದು ನಿಲ್ಲುವುದಿಲ್ಲ, ತಾಯಿ ಮಾತ್ರ ಸೊರಗುತ್ತಾಳೆ. ಕೆಲವೇ ಕೂಸುಗಳಿಗೆ ಹಸುವಿನ ಹಾಲಿನ ಅಂಶ ಒಗ್ಗದಿರುವುದುಂಟು. ಅಂಥ ಸಂಶಯವಿದ್ದಲ್ಲಿ ವೈದ್ಯರೇ ತಾಯಿಗೆ ಎರಡರಿಂದ ನಾಲ್ಕು ವಾರ ಹಾಲು ಮೊಸರು ಬಿಡುವಂತೆ ಹೇಳಿ ಪರೀಕ್ಷಿಸುತ್ತಾರೆ.

ಉಳಿಸಿಕೊಳ್ಳಬೇಕಾದುದು ಅಜ್ಜಿಯ ಭುಜ. ಹಾಲು ಕುಡಿಯುವ ನಡುವೆ ಒಮ್ಮೆ, ಕುಡಿದಾದ ಮೇಲೆ ಒಮ್ಮೆ ಕೂಸನ್ನು ಭುಜಕ್ಕೊರಗಿಸಿ ಬೆನ್ನು ಸವರಿ ತೇಗು ಬರಿಸಬೇಕು. ಬಳಿಕ 20ರಿಂದ 30 ನಿಮಿಷ ನೆಟ್ಟಗೆ ಎತ್ತಿಕೊಂಡಿರಬೇಕು. ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಂತೆ ಕುಡಿಸುವ ಬದಲು ಸ್ವಲ್ಪಸ್ವಲ್ಪವಾಗಿ ಹೆಚ್ಚು ಬಾರಿ ಕೊಡಬೇಕು. ಡಬ್ಬಿಯ ಹಾಲು ಅನಿವಾರ್ಯವಾದ ಮನೆಗಳಲ್ಲಿ ಲೆಕ್ಕ ಹೀಗೆ: ದಿನವೊಂದಕ್ಕೆ ಕಿಲೋ ತೂಕಕ್ಕೆ ಸುಮಾರು 150 ಮಿಲಿಲೀಟರ್. 4 ಕಿಲೋ ತೂಕದ ಕೂಸಿಗೆ ಇದು 600 ಮಿಲಿಲೀಟರ್. ಎಂಟು ಬಾರಿಗೆ ಹಂಚಿದರೆ ಒಂದು ಬಾರಿಗೆ 75. ಬಾಟಲಿಯಲ್ಲಿ ಉಳಿದದ್ದನ್ನು ಒತ್ತಾಯ ಮಾಡಿ ಕುಡಿಸಬಾರದು. ಎಣ್ಣೆ ತಿಕ್ಕುವುದು, ಕಾಲ ಮೇಲೆ ಮಲಗಿಸಿ ಎರೆಯುವುದು ಇವೆಲ್ಲ ಹಾಲು ಕುಡಿಸುವ ಮೊದಲೇ ಮುಗಿಯಬೇಕು. ಕುಡಿದ ಕೂಡಲೇ ಹೊಟ್ಟೆ ಮಡಿಚುವಂತೆ ಬಟ್ಟೆಯ ಜೋಲಿಯಲ್ಲಿ ಹಾಕುವುದು, ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತುವುದು ಬೇಡ. ಕೂಸಿರುವ ಕೋಣೆಯಲ್ಲಿ ಬೀಡಿ ಸಿಗರೇಟಿನ ಹೊಗೆ ಸುತರಾಂ ಕೂಡದು.

ಒಂದು ವಿಷಯದಲ್ಲಿ ಮಾತ್ರ ಬಹು ಎಚ್ಚರ ಬೇಕು. ಕಕ್ಕಿದ ಹಾಲು ಉಸಿರಿಗೆ ಅಡ್ಡ ಬಂದೀತೆಂಬ ಭಯದಿಂದ ಅನೇಕರು ಕೂಸನ್ನು ಬೋರಲು ಮಲಗಿಸುತ್ತಾರೆ. ಕೂಸು ಅಂಗಾತ ಮಲಗಿದಾಗ ಶ್ವಾಸನಾಳವು ಅನ್ನನಾಳಕ್ಕಿಂತ ಮೇಲಿರುತ್ತದೆ; ಮೇಲೆ ಬಂದ ಹಾಲು ಅದನ್ನು ಸುಲಭವಾಗಿ ಹೊಕ್ಕಲಾರದು. ಬೋರಲು ಮಲಗಿದಾಗ ಈ ಅನುಕೂಲ ತಪ್ಪುತ್ತದೆ. ಅಮೆರಿಕದಲ್ಲಿ 1994ರಿಂದ ಕೂಸುಗಳನ್ನು ಅಂಗಾತ ಮಲಗಿಸಬೇಕೆಂದು ವ್ಯಾಪಕ ಪ್ರಚಾರ ನಡೆದ ಮೇಲೆ, ನಿದ್ರೆಯಲ್ಲಿ ಹಠಾತ್ತನೆ ಸಂಭವಿಸುವ ಶಿಶುಮರಣಗಳು ಸುಮಾರು ಅರ್ಧಕ್ಕೆ ಇಳಿದವು. ಕಕ್ಕುವ ಕೂಸೂ ಅಂಗಾತವಾಗಿಯೇ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ ಮಲಗತಕ್ಕದ್ದು.

ತಡಮಾಡಬಾರದ ಸಂದರ್ಭಗಳು

ಕಕ್ಕುವುದು ಸಹಜವೆಂಬ ಧೈರ್ಯವು ಅಸಡ್ಡೆಗೆ ದಾರಿಯಾಗಬಾರದು. ವಾಂತಿ ಹಸಿರು ಬಣ್ಣದ್ದಾಗಿದ್ದರೆ ಕರುಳು ತಿರುಚಿಕೊಂಡಿರುವ ಶಂಕೆಯಿದೆ. ಬೆಳಗಾಗಲೆಂದು ಕಾಯದೆ ಆಗಿಂದಾಗಲೇ ಆಸ್ಪತ್ರೆಗೆ ಒಯ್ಯಬೇಕು. ಎರಡರಿಂದ ಎಂಟು ವಾರದ ಕೂಸು, ಅದರಲ್ಲಿಯೂ ಗಂಡು ಕೂಸು, ಪ್ರತಿ ಸಲವೂ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ ಮತ್ತೆ ಹಸಿದು ಅಳುತ್ತಿದ್ದರೆ, ಜಠರದ ಕೆಳದ್ವಾರದ ಸ್ನಾಯು ದಪ್ಪಗಾಗಿರಬಹುದು. ಜರ್ಮನಿಯ ಕೊನ್ರಾಡ್ ರಾಮ್‌ಸ್ಟೆಟ್ 1912ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯ ತತ್ತ್ವದಿಂದಲೇ ಇದು ಇಂದಿಗೂ ಸಂಪೂರ್ಣ ಗುಣವಾಗುತ್ತದೆ. ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ, ತೂಕ ಏರದಿರುವುದು, ಮೂತ್ರ ಕಡಿಮೆಯಾಗುವುದು, ಜ್ವರ, ಹೊಟ್ಟೆಯುಬ್ಬರ, ನೆತ್ತಿ ಉಬ್ಬುವುದು, ಉಸಿರು ಕಟ್ಟಿ ಮೈ ನೀಲಿಯಾಗುವುದು, ಆರು ತಿಂಗಳ ಮೇಲೆ ಹೊಸದಾಗಿ ವಾಂತಿ ಆರಂಭವಾಗುವುದು, ಇವೆಲ್ಲವೂ ವೈದ್ಯರ ಬಳಿಗೆ ಹೋಗಲೇಬೇಕಾದ ಲಕ್ಷಣಗಳು. ಆಗ ಗ್ರೈಪ್ ವಾಟರ್, ಬಜೆ, ನಿವಾಳಿಗಳಲ್ಲಿ ಕಾಲ ಕಳೆಯುವುದು ಅಪಾಯಕರ.

ಸಂಘಗಳ ಹೊಣೆ

ಹೊರನಾಡಿನ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವ, ನಾಟಕ, ಯಕ್ಷಗಾನಗಳನ್ನು ನಡೆಸಿಕೊಂಡು ಬಂದಿರುವುದು ಅಭಿನಂದನೀಯ. ಮಕ್ಕಳು ಕನ್ನಡ ಕಲಿಯಲೆಂದು ತರಗತಿ ತೆರೆದ ಸಂಘಗಳೂ ಇವೆ. ಆ ಮಕ್ಕಳ ಮೊದಲ ವರ್ಷದ ಬಗೆಗೂ ಸಂಘಗಳು ಯೋಚಿಸುವುದು ಯೋಗ್ಯ. ಪ್ರತಿ ಸಂಘದಲ್ಲಿಯೂ ನಾಲ್ಕಾರು ಕೂಸುಗಳನ್ನು ಸಾಕಿ ಬೆಳೆಸಿದ, ಈಗ ಬಿಡುವಾಗಿರುವ ಹಿರಿಯ ಮಹಿಳೆಯರಿದ್ದಾರೆ. ಬಡಾವಣೆಗೊಬ್ಬರಂತೆ ಅವರನ್ನು ಗುರುತಿಸಿ, ಮಕ್ಕಳ ವೈದ್ಯರೊಬ್ಬರಿಂದ ಒಂದೆರಡು ದಿನ ತಿಳಿವಳಿಕೆ ಕೊಡಿಸಿ, ಹೊಸ ತಾಯಂದಿರ ಮನೆಗೆ ವಾರಕ್ಕೊಮ್ಮೆ ಹೋಗಿ ಬರುವ ಏರ್ಪಾಡು ಮಾಡಿದರೆ ಖರ್ಚು ಅತ್ಯಲ್ಪ, ಉಪಕಾರ ಅಪಾರ. ಸಂಘದ ಕಚೇರಿಯಲ್ಲಿ ಕೂಸಿನ ತೂಕ ನೋಡುವ ತಕ್ಕಡಿಯೊಂದನ್ನು ಇರಿಸುವುದೂ ಕಷ್ಟವಲ್ಲ.

ತಂದೆಯರ ಪಾಲನ್ನೂ ಇಲ್ಲಿ ಹೇಳಲೇಬೇಕು. ಹಾಲು ಕುಡಿಸುವ ಕೆಲಸ ತಾಯಿಯದಾದರೂ, ಅರ್ಧ ಗಂಟೆ ಭುಜಕ್ಕೆ ಹಾಕಿಕೊಂಡು ನಿಲ್ಲುವ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಲೋಕಲ್ ರೈಲಿನಲ್ಲಿ ಒಂದು ತಾಸು ನಿಂತು ಮನೆಗೆ ಬರುವ ಗಂಡಸಿಗೆ ಇನ್ನೊಂದು ಅರ್ಧ ಗಂಟೆ ನಿಲ್ಲುವುದು ಭಾರವೆನಿಸಬಹುದು. ಆದರೆ ಹಗಲೆಲ್ಲ ಒಬ್ಬಳೇ ಇದ್ದ ತಾಯಿಗೆ ಆ ಅರ್ಧ ಗಂಟೆಯ ನಿದ್ರೆಯೇ ದೊಡ್ಡ ಮದ್ದು. ಅವಳು ಚೇತರಿಸಿಕೊಂಡರೆ ಕೂಸೂ ಚೇತರಿಸಿಕೊಳ್ಳುತ್ತದೆ. ಕಕ್ಕುವ ಕಾಲ ಕೆಲವೇ ತಿಂಗಳಿನದು. ಅದನ್ನು ದಾಟಿಸಲು ಮನೆಯವರೂ ನೆರೆಯವರೂ ಸಂಘದವರೂ ಕೈಜೋಡಿಸಿದರೆ, ಎಷ್ಟೋ ಮನೆಗಳಿಗೆ ಔಷಧದ ಅಂಗಡಿಯ ದಾರಿ ತಪ್ಪುತ್ತದೆ.