ಶನಿವಾರ ಎಲ್ಲಿ ಹೋಯ್ತು?

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಂಜೆಯ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಮನೆಗೆ ಬಿಡುತ್ತಿರಲಿಲ್ಲ. ಅಂಥ ನಾನು 2022ರ ಡಿಸೆಂಬರಿನಲ್ಲಿ ಹದಿಮೂರೂವರೆ ಗಂಟೆಯ ಲೆಕ್ಕವನ್ನೇ ತಪ್ಪಿದೆ.

ಮಗಳು, ಮೊಮ್ಮಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬರುವವರಿದ್ದರು. ಕೋವಿಡ್‌ನಿಂದಾಗಿ ಅವರನ್ನು ನೋಡಿ ಮೂರು ವರ್ಷವಾಗಿತ್ತು. "ಶುಕ್ರವಾರ ರಾತ್ರಿ 9ಕ್ಕೆ ವಿಮಾನ. ಎಲ್ಲೂ ಇಳಿಯದೆ 17 ಗಂಟೆ" ಎಂದಿದ್ದಳು ಮಗಳು. 9ಕ್ಕೆ 17 ಕೂಡಿಸಿದೆ. ಶನಿವಾರ ಮಧ್ಯಾಹ್ನ 2 ಗಂಟೆ!

ಮೊದಲಾದರೆ ವಿಮಾನ ನಿಲ್ದಾಣ ನಮ್ಮ ಪಕ್ಕದಲ್ಲೇ, ಎಚ್‌ಎಎಲ್‌ನಲ್ಲಿತ್ತು. 2008ರ ಮೇ ತಿಂಗಳಲ್ಲಿ ಅದು ದೇವನಹಳ್ಳಿಗೆ ಹೋಯಿತು. ಹಾಗಾಗಿ ಹಲಸೂರಿನಿಂದ ಬೆಳಿಗ್ಗೆಯೇ ಹೊರಟೆ. ಅಲ್ಲಿ ನೋಡಿದರೆ ಪರದೆಯ ಮೇಲೆ ಅವರ ವಿಮಾನದ ಹೆಸರೇ ಇಲ್ಲ. ಮಗಳ ಫೋನು ಸ್ವಿಚ್ ಆಫ್. ಎದೆ ಧಸಕ್ಕೆಂದಿತು. ವಿಚಾರಣೆಯ ಕಿಟಕಿಯಲ್ಲಿದ್ದ ಹುಡುಗಿ ಟಿಕೆಟ್ಟಿನ ಪ್ರತಿ ನೋಡಿ, "ಅಂಕಲ್, ಅವರು ಹೊರಟು ಇನ್ನೂ ಮೂರೂವರೆ ಗಂಟೆ. ನಾಳೆ ಬೆಳಗಿನ ಜಾವ ಬನ್ನಿ" ಎಂದಳು.

ಮನೆಗೆ ಬಂದರೆ ಇವಳು, "ಪೈಸೆ ಬಿಡದ ಲೆಕ್ಕಿಗರು, ಒಂದು ದಿನವನ್ನೇ ಎಲ್ಲಿ ಬಿಟ್ಟಿರಿ?" ಎಂದಳು. ಆಗ ಕಾಗದ, ಪೆನ್ಸಿಲ್ ಹಿಡಿದು ಕೂತೆ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ. ನಮ್ಮ ಗಡಿಯಾರ ಪೂರ್ವದ ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಅವರದು ಪಶ್ಚಿಮದ 120 ಡಿಗ್ರಿಗೆ. ಕೂಡಿಸಿದರೆ ಇನ್ನೂರ ಎರಡೂವರೆ. ಅದನ್ನು 15ರಿಂದ ಭಾಗಿಸಿ: ಹದಿಮೂರೂವರೆ ಗಂಟೆ! ನಾವು ಅಷ್ಟು ಮುಂದೆ. (ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಹನ್ನೆರಡೂವರೆ.) ಅವರ ಶುಕ್ರವಾರ ರಾತ್ರಿ 9 ನಮ್ಮ ಶನಿವಾರ ಬೆಳಿಗ್ಗೆ ಹತ್ತೂವರೆ. ಅದಕ್ಕೆ 17 ಕೂಡಿಸಿದರೆ ಭಾನುವಾರ ಬೆಳಗಿನ ಜಾವ ಮೂರೂವರೆ. ಟ್ಯಾಲಿ ಆಯಿತು.

ಇನ್ನು ದೂರ. ಗೋಡೆಯ ಭೂಪಟ ನೋಡಿ ಸಮುದ್ರದ ಮೇಲೆ ನೇರ ಗೆರೆ ಎಳೆಯಬೇಡಿ. ಗ್ಲೋಬ್ ತೆಗೆದುಕೊಂಡು ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿಯಿರಿ. ದಾರ ತಾನಾಗಿ ಉತ್ತರ ಧ್ರುವದ ಹತ್ತಿರಕ್ಕೆ ಸರಿಯುತ್ತದೆ! ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿ.ಮೀ. ಆದರೆ ಗಾಳಿ, ಹವಾಮಾನ ನೋಡಿ ಪೈಲಟ್‌ಗಳು ದಾರಿ ಆರಿಸುತ್ತಾರೆ. ಸುತ್ತು ಹೆಚ್ಚಾಗುವುದೂ ಉಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಆ ಊರಿನಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾರಿ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಪೈಲಟ್‌ಗಳೆಲ್ಲ ಮಹಿಳೆಯರೇ.

ಭಾನುವಾರ ನಸುಕಿನಲ್ಲಿ ಮೊಮ್ಮಗಳು ಓಡಿಬಂದು ಕೊರಳಿಗೆ ಜೋತುಬಿದ್ದಳು. ಮೊದಲ ಪ್ರಶ್ನೆ: "ತಾತ, ಶುಕ್ರವಾರ ಹತ್ತಿದೆ, ಭಾನುವಾರ ಇಳಿದೆ. ನನ್ನ ಶನಿವಾರ ಎಲ್ಲಿ ಹೋಯ್ತು?"

"ವಾಪಸು ಹೋಗುವಾಗ ಸಿಗುತ್ತೆ ಪುಟ್ಟಿ" ಎಂದೆ. ಹೇಗೆ? ಅದು ನಿಮಗೆ ಈ ವಾರದ ಲೆಕ್ಕ. ಜನವರಿಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟ ವಿಮಾನ 16 ಗಂಟೆ ಹಾರಿದರೆ, ಅಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಇಳಿಯುತ್ತದೆ? ನೀವೇ ಮಾಡಿ. ಅವಳನ್ನು ಬೀಳ್ಕೊಟ್ಟು ಬಂದ ದಿನ ನನಗಂತೂ ಲೆಕ್ಕ ಮಾಡುವ ಮನಸ್ಸಿರಲಿಲ್ಲ.