ಬೈಯೋ ಮುಂಚೆ ಒಂಚೂರು ಲೆಕ್ಕ ನೋಡಿ...

2007ರ ಅಕ್ಟೋಬರಿನಲ್ಲಿ ಇಟಲಿಯ ಅರ್ಥಮಂತ್ರಿ ತೊಮ್ಮಾಸೊ ಪಾದೊವಾ-ಸ್ಕಿಯೊಪ್ಪಾ, ಅಪ್ಪ-ಅಮ್ಮನ ಮನೆ ಬಿಡದ ಹುಡುಗ ಹುಡುಗಿಯರನ್ನ 'ಬಂಬೊಚ್ಚೋನಿ' ಅಂತ ಕರೆದ್ರು. ಅಂದ್ರೆ ದೊಡ್ಡ ಕೂಸುಗಳು. ಬಾಡಿಗೆ ಮನೆ ಮಾಡೋ ಯುವಕರಿಗೆ ತೆರಿಗೆ ರಿಯಾಯಿತಿ ಕೊಡೋಣ ಅನ್ನೋವಾಗ ಬಂದ ಮಾತು ಅದು. ರಿಯಾಯಿತಿ ಮರೆತುಹೋಯ್ತು, ಬೈಗುಳ ಉಳೀತು.

ನಮ್ಮಲ್ಲಾದ್ರೆ ಮನೆ ಬಿಟ್ಟು ಹೋದ್ರೇನೇ ಬೈತಾರೆ ಬಿಡಿ :) ಆದ್ರೆ ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಇವರು ಸೋಮಾರಿಗಳಾ, ಇಲ್ಲಾ ಹೊರಗೆ ಹೋಗೋಕೆ ದಾರಿನೇ ಇಲ್ವಾ? ಇದನ್ನ ಕೂತಲ್ಲೇ ಹೇಳೋಕಾಗಲ್ಲ. ಹೋಗಿ ಅವರನ್ನೇ ಕೇಳಬೇಕು, ಲೆಕ್ಕ ಇಡಬೇಕು. ಲಾಗ್ ಫೈಲ್ ತೆರೆಯದೇ "ನಿಂದೇ ಬಗ್" ಅನ್ನೋ ಮ್ಯಾನೇಜರ್‌ಗಳನ್ನ ನಾವೆಲ್ಲ ನೋಡಿದೀವಲ್ಲ, ಹಾಗಾಗಬಾರದು.

ಲೆಕ್ಕ ಇಟ್ಟವರು ಇದ್ರು. ಮಿಲಾನಿನ ಇಯಾರ್ದ್ ಸಂಸ್ಥೆ 1983ರಲ್ಲಿ ಯುವಜನರ ಸಮೀಕ್ಷೆ ಶುರು ಮಾಡ್ತು. ಆಗ ಕೇಳಿದ್ದು 15ರಿಂದ 24 ವರ್ಷದವರನ್ನ. 1992ರಲ್ಲಿ ಆ ಮಿತಿ 29ಕ್ಕೆ ಏರಿತು, 2000ದಲ್ಲಿ 34ಕ್ಕೆ! ಓದು, ಕೆಲಸ, ಸ್ವಂತ ಮನೆ, ಮದುವೆ, ಮಗು ಎಲ್ಲವೂ ಒಂದೊಂದಾಗಿ ಮುಂದಕ್ಕೆ ಹೋಗ್ತಿದ್ದವು. ಅಂದ್ರೆ ಮಂತ್ರಿಗಳು ಬೈಯೋ ಮುಂಚೇನೇ ವಿಷಯ ಕಾಗದದ ಮೇಲಿತ್ತು.

ಅಮ್ಮನ ಅಡುಗೆಯ ಸುಖವೂ ಒಂದು ಕಾರಣ ಇರಬಹುದು, ಇಲ್ಲ ಅನ್ನಲ್ಲ. ಆದ್ರೆ 1997 ಮತ್ತು 2003ರ ಕಾನೂನುಗಳು ತಾತ್ಕಾಲಿಕ ಕೆಲಸಗಳಿಗೆ ಬಾಗಿಲು ತೆರೆದವು. ಆಗಲೇ ಕಾಯಂ ಆಗಿದ್ದ ಹಿರಿಯರಿಗೆ ಅಷ್ಟಾಗಿ ಬಿಸಿ ತಟ್ಟಲಿಲ್ಲ, ತಟ್ಟಿದ್ದು ಹೊಸದಾಗಿ ಬಂದವರಿಗೆ. ಆರು ತಿಂಗಳ ಕಾಂಟ್ರಾಕ್ಟ್ ಹಿಡಿದುಕೊಂಡು ಹೋದ್ರೆ ಯಾವ ಬ್ಯಾಂಕು ಮನೆ ಸಾಲ ಕೊಡುತ್ತೆ ಹೇಳಿ? 2014ರಲ್ಲಂತೂ ಕೆಲಸದಲ್ಲಿದ್ದ ಅಥವಾ ಕೆಲಸ ಹುಡುಕ್ತಿದ್ದ 15-24ರ ವಯಸ್ಸಿನವರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಜನ ನಿರುದ್ಯೋಗಿಗಳು.

ಈಗ ಈ ಅಧ್ಯಯನ ಇನ್ನೂ ಮುಖ್ಯ ಅಂತ ನನಗನ್ನಿಸೋಕೆ ಇನ್ನೊಂದು ಕಾರಣ ಇದೆ. 1964ರಲ್ಲಿ ಇಟಲಿಯಲ್ಲಿ ಹುಟ್ಟಿದ ಮಕ್ಕಳು 10 ಲಕ್ಷಕ್ಕೂ ಹೆಚ್ಚು. 2024ರಲ್ಲಿ ಸುಮಾರು 3.7 ಲಕ್ಷ. ಯುವಕರು ಕಡಿಮೆ ಆದ್ರೆ ಅವರ ಓಟೂ ಕಡಿಮೆ. ಅದರ ಮೇಲೆ, 2021ರಲ್ಲಿ ಸಂವಿಧಾನ ತಿದ್ದೋವರೆಗೆ 25 ತುಂಬದವರಿಗೆ ಸೆನೆಟ್ ಚುನಾವಣೆಯಲ್ಲಿ ಓಟೇ ಇರಲಿಲ್ಲ! ಓಟಿಗಾಗಿ ಯಾರೂ ಮನೆ ಬಾಗಿಲಿಗೆ ಬರದಿದ್ದಾಗ, ಪ್ರಶ್ನೆಪಟ್ಟಿ ಹಿಡಿದು ಬರೋರಾದ್ರೂ ಬರಬೇಕಲ್ವಾ?

ಸಮೀಕ್ಷೆಯಿಂದ ಕೆಲಸ ಸಿಗಲ್ಲ, ಒಪ್ಪಿದೆ. ಆದ್ರೆ ಒಂದು ಇಡೀ ಪೀಳಿಗೆಯನ್ನ ಒಂದೇ ಪದದಲ್ಲಿ ಬೈದು ಕೈತೊಳೆದುಕೊಳ್ಳೋದು ಕಷ್ಟವಾಗುತ್ತೆ. ಅಷ್ಟಾದ್ರೂ ಆಗಲಿ.

ಏನಂತೀರಿ?