ಗೂಡು ಸೇರದ ಕೋಳಿಯ ತಪ್ಪೇನು?

ಮಲೆನಾಡಿನ ಹಿತ್ತಲುಗಳಲ್ಲಿ ಮುಸ್ಸಂಜೆಯ ಹೊತ್ತು ಕಾಣುವ ನೋಟವೊಂದಿದೆ. ನಾಟಿ ಕೋಳಿಗಳು ಒಂದೊಂದಾಗಿ ಕೊಟ್ಟಿಗೆಯ ಅಟ್ಟಕ್ಕೋ ಹಲಸಿನ ಕೊಂಬೆಗೋ ಹಾರಿ ಕೂರುತ್ತವೆ. ಹಗಲೆಲ್ಲ ಅವುಗಳೊಡನೆ ಕೆದಕಿ ತಿಂದ ಗಿರಿರಾಜ ಕೋಳಿಗಳು ಮಾತ್ರ ಗೂಡಿನ ಸುತ್ತ ಎರಡು ಬಾರಿ ಸುಳಿದು, ಕತ್ತೆತ್ತಿ ನೋಡಿ, ಕೊನೆಗೆ ಸೌದೆ ರಾಶಿಯ ಪಕ್ಕದಲ್ಲಿಯೋ ಜಗಲಿಯ ಮೂಲೆಯಲ್ಲಿಯೋ ಮುದುಡಿಕೊಳ್ಳುತ್ತವೆ. ಮನೆಯವರು ಕೋಲು ಹಿಡಿದು ಅಟ್ಟುತ್ತಾರೆ. ಕೋಳಿ ಕಾಫಿ ಗಿಡಗಳ ಬುಡಕ್ಕೆ ನುಸುಳುತ್ತದೆ. ಬೆಳಗಾಗುವಾಗ ಅಲ್ಲಿ ಪುಕ್ಕಗಳಷ್ಟೇ ಉಳಿದಿರುತ್ತವೆ. ಆಗ ಎರಡು ತೀರ್ಪುಗಳು ಹೊರಬೀಳುತ್ತವೆ. ಒಂದು, ಈ ಜಾತಿಗೆ ಬುದ್ಧಿಯಿಲ್ಲ. ಇನ್ನೊಂದು, ಕಬ್ಬೆಕ್ಕಿಗೆ ಉರುಳು ಹಾಕಬೇಕು.

ಎರಡೂ ತಪ್ಪು ತೀರ್ಪುಗಳೇ. ಒಂದೂವರೆ ಕಿಲೋ ತೂಗುವ ಹಕ್ಕಿಗೆಂದು ಕಟ್ಟಿದ ಗೂಡಿನಲ್ಲಿ ಮೂರು ಕಿಲೋ ಮೀರಿದ ಹಕ್ಕಿಯನ್ನು ಮಲಗಿಸಹೊರಟ ಮನುಷ್ಯನ ಅವಿಚಾರವೇ ಇಲ್ಲಿನ ನಿಜವಾದ ಅಪರಾಧಿ.

ಸಾಕುಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಅಂಶವೂ ಅದರಲ್ಲಿ ಬೆರೆತಿದೆ. ಸಾಕುಕೋಳಿಯ ಹಳದಿ ಚರ್ಮದ ಗುಣ ಅಲ್ಲಿಂದಲೇ ಬಂದುದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಈ ಎರಡು ಕಾಡುಹಕ್ಕಿಗಳೂ ಕತ್ತಲಾಗುವ ಮೊದಲು ಮರವೇರುತ್ತವೆ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಬಹಳ ಕಡಿಮೆ. ಎತ್ತರವೇ ಅದರ ಏಕೈಕ ರಕ್ಷಣೆ. ಭಾರದ ತಳಿಗಳಲ್ಲಿಯೂ ಏರುವ ಆಸೆ ಹಾಗೆಯೇ ಉಳಿದಿದೆ. ಏರುವ ಶಕ್ತಿ ಮಾತ್ರ ಹೋಗಿದೆ.

ಇದರ ಹಿಂದಿನ ಲೆಕ್ಕ ಸರಳ. ದೇಹದ ಅಳತೆ ಎಲ್ಲ ದಿಕ್ಕಿನಲ್ಲೂ ದುಪ್ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕವಾದರೋ ಎಂಟು ಪಟ್ಟಾಗುತ್ತದೆ. ಹೆಚ್ಚು ಮಾಂಸಕ್ಕಾಗಿ ತಳಿಯನ್ನು ದಪ್ಪವಾಗಿಸಿದಷ್ಟೂ ರೆಕ್ಕೆ ಸೋಲುತ್ತದೆ. ತಳಿ ರೂಪಿಸಿದವರಿಗೆ ಇದು ತಿಳಿಯದ ಸಂಗತಿಯಲ್ಲ. ಗಿರಿರಾಜದ ನಂತರ 2005ರಲ್ಲಿ ಬಂದ ಸ್ವರ್ಣಧಾರ ತಳಿಯನ್ನು, ತೂಕ ಕಡಿಮೆಯಿರುವುದರಿಂದ ಕಾಡುಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳಬಲ್ಲದು ಎಂದೇ ಪರಿಚಯಿಸಲಾಯಿತು. ಆದರೆ ಮರಿ ಹಂಚುವ ದಿನ ಈ ತಿಳಿವಳಿಕೆ ಹಳ್ಳಿಗೆ ತಲುಪುವುದಿಲ್ಲ. ಮೊಟ್ಟೆಯ ಲೆಕ್ಕ, ಮಾಂಸದ ಲೆಕ್ಕ, ಲಸಿಕೆಯ ಚೀಟಿ ಎಲ್ಲವೂ ದೊರೆಯುತ್ತವೆ. ಇವು ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಯನ್ನು ಕೇಳುವವರೇ ಇಲ್ಲ.

ಹೀಗಾಗಿ ಗೂಡು ಹಳೆಯ ಮಾದರಿಯಲ್ಲಿಯೇ ಇರುತ್ತದೆ: ಎದೆಮಟ್ಟದ ಕಂಬಗಳ ಮೇಲೊಂದು ಪೆಟ್ಟಿಗೆ, ಕಿರಿದಾದ ಬಾಗಿಲು, ಕಡಿದಾದ ಏಣಿ. ಭಾರದ ಕೋಳಿ ಹೇಗೋ ಒಳಸೇರಿತೆಂದೇ ಇಟ್ಟುಕೊಂಡರೂ ಬೆಳಿಗ್ಗೆ ನಾಲ್ಕು ಅಡಿ ಎತ್ತರದಿಂದ ನೆಲಕ್ಕೆ ಧುಮುಕಬೇಕು. ಆ ಪೆಟ್ಟಿಗೆ ಅಂಗಾಲು ಒಡೆದು, ಗಾಯದೊಳಕ್ಕೆ ಕೀವು ತುಂಬಿ ಪಾದ ಗಡ್ಡೆಕಟ್ಟುತ್ತದೆ. ಎದೆಮೂಳೆಗೂ ಏಟು ಬೀಳುತ್ತದೆ. ಒಮ್ಮೆ ನೋವುಂಡ ಕೋಳಿ ಮರುದಿನ ಆ ಏಣಿಯ ಬಳಿ ಸುಳಿಯದಿದ್ದರೆ ಅದನ್ನು ದಡ್ಡತನವೆನ್ನಬೇಕೆ, ಬುದ್ಧಿಯೆನ್ನಬೇಕೆ?

ಗೂಡನ್ನು ತೊರೆಯಲು ಬೇರೆ ಕಾರಣಗಳೂ ಇವೆ. ಒಳಗೆ ಕಗ್ಗತ್ತಲಿದ್ದರೆ ಕೋಳಿ ಕಾಲಿಡದು. ಹಿಕ್ಕೆಯ ಘಾಟು ಕಣ್ಣು ಉರಿಸಿದರೆ ನಿಲ್ಲದು. ಜೋರಿನ ಹೇಂಟೆಯೊಂದು ಬಾಗಿಲಲ್ಲೇ ಕುಳಿತು ಕುಕ್ಕಿದರೆ ಉಳಿದವು ಹೊರಗೇ ಉಳಿಯುತ್ತವೆ. ಎಲ್ಲಕ್ಕಿಂತ ಗುಪ್ತ ಶತ್ರು ಕೆಂಪು ನುಸಿ. ಹಗಲು ಮರದ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಈ ಜೀವಿ ಹಗಲಿನ ತಪಾಸಣೆಗೆ ಸಿಕ್ಕುವುದಿಲ್ಲ. ನಿನ್ನೆಯವರೆಗೆ ಗೂಡು ಸೇರುತ್ತಿದ್ದ ಕೋಳಿ ಇಂದು ಹಠಾತ್ತನೆ ನಿರಾಕರಿಸಿದರೆ ರಾತ್ರಿ ಟಾರ್ಚ್ ಹಿಡಿದು ಕೂರುಗೋಲಿನ ಅಡಿಭಾಗವನ್ನೂ ಬಿರುಕುಗಳನ್ನೂ ನೋಡಬೇಕು. ಕುದಿನೀರು ಸುರಿದು, ಒಣಗಿಸಿ, ಸಂದುಗೊಂದುಗಳಿಗೆ ಸುಣ್ಣ ಬಳಿಯುವುದು ಇದಕ್ಕೆ ಹಳ್ಳಿಯಲ್ಲೇ ದೊರೆಯುವ ಉಪಾಯ.

ಪರಿಹಾರಕ್ಕೆ ಅನುದಾನ ಕಾಯಬೇಕಾಗಿಲ್ಲ. ಗೂಡಿನ ನೆಲ ಮಳೆನೀರು ತಾಗದಷ್ಟು, ಅಂದರೆ ಒಂದೂವರೆ ಅಡಿ ಎತ್ತರದಲ್ಲಿದ್ದರೆ ಸಾಕು. ಅದಕ್ಕೆ ಮೂರು ಅಡಿ ಉದ್ದದ ಇಳಿಜಾರು ಹಲಗೆ ಕೊಟ್ಟು, ಅಂಗೈಯಗಲಕ್ಕೊಂದರಂತೆ ಅಡ್ಡಪಟ್ಟಿ ಹೊಡೆದರೆ ಮಳೆಗಾಲದಲ್ಲಿಯೂ ಕಾಲು ಜಾರುವುದಿಲ್ಲ. ಕೂರುಗೋಲು ಗೂಡಿನ ನೆಲದಿಂದ ಒಂದು ಅಡಿಗಿಂತ ಮೇಲಿರಬಾರದು. ಎರಡು ಅಂಗುಲ ಅಗಲದ ಅಡಿಕೆ ದಬ್ಬೆಯನ್ನು ಉಬ್ಬು ಮೇಲಾಗಿಸಿ, ಸಿಬಿರು ಕೆರೆದು ಕಟ್ಟಿದರೆ ಪಾದಕ್ಕೆ ಹಿತ. ಎಲ್ಲ ಕೂರುಗೋಲುಗಳೂ ಒಂದೇ ಮಟ್ಟದಲ್ಲಿದ್ದರೆ ಮೇಲಿನ ಜಾಗಕ್ಕಾಗಿ ಜಗಳವಿಲ್ಲ. ಪ್ರತಿ ಹಕ್ಕಿಗೆ ಒಂದು ಅಡಿ ಜಾಗ ಬೇಕು. ನೆಲಕ್ಕೆ ಭತ್ತದ ಹೊಟ್ಟು ಅಥವಾ ಒಣ ದರಗು ಹಾಸಿದರೆ ಇಳಿಯುವಾಗ ಏಟು ತಗಲದು. ಅದೇ ಮುಂದೆ ತೋಟಕ್ಕೆ ಗೊಬ್ಬರ. ಪಡುವಣ ಗೋಡೆಯ ಮೇಲ್ಭಾಗದಲ್ಲಿ ಬಲೆಯ ಕಿಂಡಿಯಿದ್ದರೆ ಸಂಜೆಯ ಕೊನೆಯ ಬೆಳಕು ಒಳಗೆ ಬೀಳುತ್ತದೆ. ಮಳೆಗಾಲದ ಎರಚಲಿಗೆ ಅದರ ಮೇಲೊಂದು ಮಾಡು ಚಾಚಿರಬೇಕು.

ಇನ್ನು ಅಭ್ಯಾಸದ ಮಾತು. ಹೊಸ ಹಕ್ಕಿಗಳನ್ನು ನೀರು, ಮೇವಿನೊಡನೆ ಒಂದು ವಾರ ಗೂಡಿನಲ್ಲೇ ಇರಿಸಬೇಕು. ನಂತರ ಸಂಜೆಗೆ ಒಂದು ತಾಸು ಮೊದಲು ಹೊರಬಿಟ್ಟು, ಕಾಳನ್ನು ಗೂಡಿನೊಳಗೇ ಚೆಲ್ಲಿ ಕರೆಯಬೇಕು. ಹೊರಗುಳಿದವನ್ನು ಕತ್ತಲಾದ ಮೇಲೆ ಮೆಲ್ಲನೆ ಎತ್ತಿ ಕೂರುಗೋಲಿನ ಮೇಲಿಡಬೇಕು. ಕೋಲಿನಿಂದ ಅಟ್ಟಿಸಿಕೊಂಡ ಕೋಳಿಗೆ ಗೂಡೆಂದರೆ ಭಯದ ಜಾಗ; ಕಾಳು ಸಿಕ್ಕ ಕೋಳಿಗೆ ಅದು ಮನೆ.

ಉರುಳು ಹಾಕುವವರ ವಾದವನ್ನೂ ಪರಿಶೀಲಿಸಬೇಕು. ಕಬ್ಬೆಕ್ಕು ಇಲಿಗಳನ್ನು ಹಿಡಿಯುತ್ತದೆ. ಬಗನಿಯಂಥ ಮರಗಳ ಹಣ್ಣು ತಿಂದು ಬೀಜವನ್ನು ಕಾಡಿನುದ್ದಕ್ಕೂ ಬಿತ್ತುತ್ತದೆ. ಅದಕ್ಕೆಂದು ಇಟ್ಟ ಉರುಳು ಅದನ್ನಷ್ಟೇ ಆರಿಸಿ ಹಿಡಿಯುವುದಿಲ್ಲ. ಕಾಡಂಚಿನ ಯಾವ ಪ್ರಾಣಿಯ ಕಾಲೂ ಅದರಲ್ಲಿ ಸಿಕ್ಕಬಹುದು. ವಿಷ ಬೆರೆಸಿದ ಮಾಂಸವನ್ನು ಮನೆಯ ನಾಯಿಯೇ ಮೊದಲು ತಿನ್ನಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಅಪರಾಧವೂ ಹೌದು. ಇಷ್ಟೆಲ್ಲ ಮಾಡಿ ಒಂದು ಕಬ್ಬೆಕ್ಕನ್ನು ಕೊಂದರೂ ಕೋಳಿ ನೆಲದ ಮೇಲೆ ಬಯಲಲ್ಲೇ ಮಲಗಿರುತ್ತದೆ. ಮರುರಾತ್ರಿ ಇನ್ನೊಂದು ಪ್ರಾಣಿ ಬರುತ್ತದೆ. ಕಾಡಿನ ಪಕ್ಕದಲ್ಲಿ ಬದುಕುವವರಿಗೆ ಒಂದು ಭದ್ರವಾದ ಚಿಲಕ ನೂರು ಉರುಳುಗಳಿಗಿಂತ ಮೇಲು. ಆ ಚಿಲಕವನ್ನು ಪ್ರತಿ ಸಂಜೆ ಹಾಕುವ ಹೊಣೆ ಮನೆಯವರದು.

ಮಲೆನಾಡಿನ ಹಳ್ಳಿಗಳು ಮರಿ ಹಂಚುವವರ ಮುಂದೆ ಇನ್ನಾದರೂ ಒಂದು ಷರತ್ತನ್ನು ಇಡಬೇಕು: ತಗ್ಗಿನ ಗೂಡಿನ ನಕ್ಷೆಯಿಲ್ಲದೆ ಭಾರದ ತಳಿಯ ಮರಿ ಬೇಡ. ಈಗಾಗಲೇ ಅಂಥ ಕೋಳಿ ಸಾಕಿರುವವರು ಇಂದಿನ ಸಂಜೆಯೇ ಕೋಲನ್ನು ಬದಿಗಿಟ್ಟು, ಗೂಡಿನ ಬಾಗಿಲು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಅಳೆದು ನೋಡಲಿ.